ಮಳೆ ಬರುತ್ತೆ ಅಂತ ಉಪಕರಣಗಳಿಲ್ಲದ ಕಾಲದ ಜನರಿಗೆ ಹೇಗೆ ಗೊತ್ತಾಗುತ್ತಿತ್ತು?

ಎಲ್ಲರಿಗೂ ನಮಸ್ಕಾರ. ದೊಡ್ಡ ಪೀಠಿಕೆ ಬೇಡ, ಒಂದು ಘಟನೆಯಿಂದಲೇ ಶುರು ಮಾಡುತ್ತೇನೆ.

1502ರ ಜೂನ್ ಕೊನೆ. ಕೆರಿಬಿಯನ್ ಸಮುದ್ರದ ಸಾಂಟೊ ಡೊಮಿಂಗೊ ಬಂದರು. ಸ್ಪೇನಿಗೆ ಹೊರಡಲು ಸುಮಾರು 30 ಹಡಗುಗಳು ಸಿದ್ಧವಾಗಿವೆ. ಒಳಗೆ ಚಿನ್ನ ತುಂಬಿದೆ. ಅದೇ ಹೊತ್ತಿಗೆ ನಾಲ್ಕು ಹಡಗು ಕಟ್ಟಿಕೊಂಡು ಕೊಲಂಬಸ್ ಬಂದರಿನ ಹೊರಗೆ ಬಂದು ನಿಂತ. ಅದು ಅವನ ನಾಲ್ಕನೇ ಪ್ರಯಾಣ. ದೊಡ್ಡ ಬಿರುಗಾಳಿ ಬರುವ ಹಾಗಿದೆ, ನಮಗೆ ಒಳಗೆ ಜಾಗ ಕೊಡಿ, ನಿಮ್ಮ ಹಡಗುಗಳನ್ನೂ ಈಗ ಬಿಡಬೇಡಿ ಎಂದು ಹೇಳಿ ಕಳಿಸಿದ. ಅಲ್ಲಿನ ಅಧಿಕಾರಿ ನಿಕೊಲಾಸ್ ದೆ ಒವಾಂದೊ ಎರಡು ಮಾತನ್ನೂ ಕೇಳಲಿಲ್ಲ. ಹಡಗುಗಳು ಹೊರಟವು. ಒಂದೆರಡು ದಿನದೊಳಗೆ ಚಂಡಮಾರುತ ಬಂದು ಬಡಿಯಿತು. 20ಕ್ಕೂ ಹೆಚ್ಚು ಹಡಗು ಮುಳುಗಿದವು. ಸುಮಾರು 500 ಜನ ಸತ್ತರು. ಕೊಲಂಬಸ್ ಕರಾವಳಿಯ ಮರೆಯಲ್ಲಿ ಆಸರೆ ಹುಡುಕಿಕೊಂಡಿದ್ದ. ಅವನ ನಾಲ್ಕೂ ಹಡಗು ಉಳಿದವು.

ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರನ್ನು ಟೊರಿಚೆಲ್ಲಿ ಮಾಡಿದ್ದು 1643ರಲ್ಲಿ. ಅಂದರೆ ಈ ಘಟನೆ ಆಗಿ 141 ವರ್ಷದ ಮೇಲೆ. ಹಾಗಾದರೆ ಕೊಲಂಬಸ್‌ಗೆ ಹೇಗೆ ಗೊತ್ತಾಯಿತು?

ಅವನು ನೋಡಿದ್ದು ಮುಖ್ಯವಾಗಿ ಮೂರು. ಆಗ್ನೇಯ ದಿಕ್ಕಿನಿಂದ ಉದ್ದುದ್ದ ಅಲೆಗಳು ನಿಧಾನವಾಗಿ ಉರುಳಿ ಬರುತ್ತಿದ್ದವು. ತುಂಬಾ ಎತ್ತರದಲ್ಲಿ ಹಿಂಜಿದ ಹತ್ತಿಯಂಥ ತೆಳು ಮೋಡ ಎಳೆ ಎಳೆಯಾಗಿ ಹರಡಿತ್ತು. ಕೆಳಗೆ ಗಾಳಿಯೇ ಇಲ್ಲದ ಹಾಗೆ ಸೆಕೆ, ಮೈಗೆ ಅಂಟುವಂಥ ಇರುಸುಮುರುಸು. ಒಂದೊಂದೇ ತೆಗೆದುಕೊಂಡರೆ ಇದರಲ್ಲಿ ಏನೂ ವಿಶೇಷ ಇಲ್ಲ. ಮೂರೂ ಒಟ್ಟಿಗೆ ಬಂದರೆ ಏನಾಗುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು, ಯಾಕೆಂದರೆ ಹಿಂದಿನ ಪ್ರಯಾಣದಲ್ಲಿ ಅದೇ ನೀರಿನಲ್ಲಿ ಅಂಥ ಬಿರುಗಾಳಿಯನ್ನು ಕಂಡಿದ್ದ. ಅವನಿಗಿಂತ ಮೊದಲೇ ಅಲ್ಲಿನ ತೈನೊ ಜನರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರ 'ಹುರಾಕಾನ್' ಅನ್ನುವ ಪದವೇ ಇವತ್ತಿನ ಹರಿಕೇನ್.

ಅಲೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ತುಂಬಾ ಇಷ್ಟವಾದದ್ದು ಅದೇ. ಉಷ್ಣವಲಯದ ಚಂಡಮಾರುತ ಒಳಗೆ ಎಷ್ಟೇ ಜೋರಾಗಿ ಸುತ್ತುತ್ತಿದ್ದರೂ ಅದು ಮುಂದೆ ಸಾಗುವುದು ನಿಧಾನ. ಸಾಮಾನ್ಯವಾಗಿ ಗಂಟೆಗೆ 15ರಿಂದ 25 ಕಿ.ಮೀ. ಆದರೆ ಅದು ಎಬ್ಬಿಸಿದ ಉದ್ದನೆಯ ಅಲೆಗಳು ಗಂಟೆಗೆ 40 ಕಿ.ಮೀ. ಆಸುಪಾಸಿನಲ್ಲಿ ಓಡುತ್ತವೆ. ಬಿರುಗಾಳಿ ಇನ್ನೂ ನೂರಾರು ಕಿ.ಮೀ. ದೂರದಲ್ಲಿರುವಾಗಲೇ ಅದರ ಅಲೆ ದಡಕ್ಕೆ ಬಂದು ಸುದ್ದಿ ಮುಟ್ಟಿಸಿರುತ್ತದೆ. ಗಾಳಿ ಇಲ್ಲದ ದಿನ ದೊಡ್ಡ ಅಲೆ ಬಂದರೆ ಅದು ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು. ಹಳೆಯ ಕಾಲದ ಸಮುದ್ರದ ಜನ ಕೇಳಿಕೊಳ್ಳುತ್ತಿದ್ದದ್ದು ಇದನ್ನೇ.

ಸೂಚನೆಗಳನ್ನು ಪಟ್ಟಿ ಮಾಡುತ್ತಾ ಹೋದರೆ ಸಂಜೆಯೆಲ್ಲ ಸಾಲದು. ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಸೂಚನೆ ಹುಟ್ಟುವುದು ಒಂದು ಜಾಗದಲ್ಲಿ. ಆ ಜಾಗದಲ್ಲಿ ಅದು ನಿಜ. ಅಲ್ಲಿಂದ ಕಿತ್ತು ಬೇರೆ ಕಡೆ ಒಯ್ದರೆ ಅದು ಬರೀ ಗಾದೆ ಆಗಿಬಿಡುತ್ತದೆ.

ಇದು ನಾನು ಕಂಡುಹಿಡಿದ ಮಾತಲ್ಲ. ಅರಿಸ್ಟಾಟಲ್‌ನ ಶಿಷ್ಯ ಥಿಯೊಫ್ರಾಸ್ಟಸ್ ಹೆಸರಿನಲ್ಲಿ ಹವಾಮಾನದ ಸೂಚನೆಗಳ ಬಗ್ಗೆ ಒಂದು ಪುಟ್ಟ ಗ್ರೀಕ್ ಬರಹ ಉಳಿದುಬಂದಿದೆ. ಮಳೆಗೆ, ಗಾಳಿಗೆ, ಬಿರುಗಾಳಿಗೆ, ಒಳ್ಳೆಯ ಬಿಸಿಲಿಗೆ ಎಂದು ಬೇರೆ ಬೇರೆ ಮಾಡಿ ಸುಮಾರು ಇನ್ನೂರು ಗುರುತುಗಳನ್ನು ಅದರಲ್ಲಿ ಕೊಟ್ಟಿದ್ದಾರೆ. ಆದರೆ ಪಟ್ಟಿ ಶುರುವಾಗುವ ಮೊದಲೇ ಒಂದು ಎಚ್ಚರಿಕೆ ಇದೆ. ನೀವಿರುವ ಜಾಗದ ಗುಣವನ್ನು ಮೊದಲು ನೋಡಿ, ಎಲ್ಲ ಕಡೆಯೂ ಅಲ್ಲಿನ ಆಕಾಶವನ್ನು ಗಮನಿಸುವವನೊಬ್ಬ ಸಿಕ್ಕೇ ಸಿಗುತ್ತಾನೆ, ಅಂಥವನಿಂದ ಕಲಿತ ಗುರುತೇ ಹೆಚ್ಚು ನಂಬಿಕೆಗೆ ಯೋಗ್ಯ ಅನ್ನುವುದು ಅದರ ಸಾರ. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು ಇದು! ಎಷ್ಟು ಹದವಾಗಿದೆ, ಅಲ್ವಾ?

ಈಗ ಎಲ್ಲರಿಗೂ ಗೊತ್ತಿರುವ ಸೂಚನೆಯನ್ನೇ ತೆಗೆದುಕೊಳ್ಳೋಣ. ಸಂಜೆ ಆಕಾಶ ಕೆಂಪಾದರೆ ನಾಳೆ ಒಳ್ಳೆಯ ದಿನ. ಬೆಳಿಗ್ಗೆ ಕೆಂಪಾದರೆ ಮಳೆಗಾಳಿ. ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿ ಯೇಸು ಇದನ್ನು ಜನರೆಲ್ಲ ಆಡುವ ಮಾತು ಎಂದೇ ಎತ್ತಿಕೊಳ್ಳುತ್ತಾನೆ. ಅಂದರೆ ಆ ಹೊತ್ತಿಗಾಗಲೇ ಅದು ಹಳೆಯ ಮಾತಾಗಿತ್ತು.

ಇದರ ಹಿಂದಿನ ಕಾರಣ ಸರಳ. ಸೂರ್ಯ ದಿಗಂತದ ಹತ್ತಿರ ಇದ್ದಾಗ ಅದರ ಬೆಳಕು ಗಾಳಿಯಲ್ಲಿ ತುಂಬಾ ದೂರ ಹಾದು ಬರಬೇಕು. ದಾರಿಯಲ್ಲಿ ನೀಲಿ ಬೆಳಕು ಚದುರಿಹೋಗುತ್ತದೆ, ಕೆಂಪು ಉಳಿಯುತ್ತದೆ. ಸಂಜೆಯ ಕೆಂಪು ನಮ್ಮ ಕಣ್ಣಿಗೆ ಬೀಳಬೇಕಾದರೆ ಪಶ್ಚಿಮದಲ್ಲಿ ದೂರದವರೆಗೂ ಮೋಡದ ಗೋಡೆ ಇರಬಾರದು. ಭೂಮಿಯ ಮಧ್ಯ ಅಕ್ಷಾಂಶಗಳಲ್ಲಿ, ಅಂದರೆ ಸುಮಾರು 30 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಪಟ್ಟಿಯಲ್ಲಿ, ಹವೆ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತದೆ. ಪಶ್ಚಿಮ ತಿಳಿಯಾಗಿದ್ದರೆ ಬರುತ್ತಿರುವುದೂ ತಿಳಿ ಹವೆಯೇ. ಬೆಳಿಗ್ಗೆಯ ಕೆಂಪಿಗೆ ಇದನ್ನೇ ತಿರುಗಿಸಿ ನೋಡಿ. ಪೂರ್ವ ತಿಳಿಯಾಗಿದೆ, ಅಂದರೆ ಒಳ್ಳೆಯ ಹವೆ ದಾಟಿಹೋಗಿದೆ. ಪಶ್ಚಿಮದ ಮೋಡಗಳ ಮೇಲೆ ಕೆಂಪು ಬಿದ್ದಿದೆ, ಅವು ಈ ಕಡೆಗೇ ಬರುತ್ತಿವೆ.

ಸರಿ. ಇದೇ ಮಾತನ್ನು ಸಮಭಾಜಕದ ಹತ್ತಿರ ಒಯ್ಯಿರಿ. ಅಲ್ಲಿ ವ್ಯಾಪಾರ ಮಾರುತಗಳು ಬೀಸುವುದು ಪೂರ್ವದಿಂದ. ತರ್ಕವೇ ತಲೆಕೆಳಗಾಗುತ್ತದೆ. ಗಾದೆಯಲ್ಲಿ ತಪ್ಪಿಲ್ಲ. ಅದು ತನ್ನ ಊರು ಬಿಟ್ಟು ಬಂದಿದೆ, ಅಷ್ಟೇ.

ಲೂಕನ ಸುವಾರ್ತೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಇದೆ. ಪಶ್ಚಿಮದಲ್ಲಿ ಮೋಡ ಎದ್ದರೆ ಮಳೆ ಬರುತ್ತದೆ ಅನ್ನುತ್ತೀರಿ, ದಕ್ಷಿಣದ ಗಾಳಿ ಬೀಸಿದರೆ ಸೆಕೆ ಅನ್ನುತ್ತೀರಿ, ಹಾಗೇ ಆಗುತ್ತದೆ ಎಂಬ ಅರ್ಥದ ಮಾತು. ಆ ನಾಡಿನ ನಕ್ಷೆ ತೆಗೆದು ನೋಡಿ. ಪಶ್ಚಿಮಕ್ಕೆ ಮೆಡಿಟರೇನಿಯನ್ ಸಮುದ್ರ, ದಕ್ಷಿಣಕ್ಕೆ ಮರುಭೂಮಿ. ಆ ಎರಡು ಸಾಲಿನಲ್ಲಿ ಒಂದು ನಾಡಿನ ಭೂಗೋಳವೇ ಅಡಗಿದೆ.

ಚಂದ್ರನ ಸುತ್ತ ಉಂಗುರ ಕಂಡರೆ ಮಳೆ ಅನ್ನುವುದು ಇನ್ನೊಂದು ಹಳೆಯ ಗುರುತು. ಮೆಸೊಪೊಟೇಮಿಯಾದ ಮಣ್ಣಿನ ಹಲಗೆಗಳಲ್ಲೂ ಚಂದ್ರನ ಉಂಗುರಕ್ಕೂ ಮಳೆಗೂ ಗಂಟು ಹಾಕಿದ್ದಾರೆ. ಆ ಉಂಗುರ ಮಾಡುವುದು ಮಂಜುಗಡ್ಡೆಯ ಹರಳುಗಳು. ಆರು ಕಿ.ಮೀ.ಗಿಂತ ಎತ್ತರದಲ್ಲಿ ಹಾಲಿನ ಕೆನೆಯ ಹಾಗೆ ತೆಳುವಾಗಿ ಹರಡಿದ ಮೋಡದಲ್ಲಿ ಆರು ಮೂಲೆಯ ಸಣ್ಣ ಹರಳುಗಳಿರುತ್ತವೆ. ಬೆಳಕು ಅವುಗಳೊಳಗೆ ಬಾಗಿ ಬರುವಾಗ ಚಂದ್ರನಿಂದ 22 ಡಿಗ್ರಿ ದೂರದಲ್ಲಿ ಉಂಗುರ ಮೂಡುತ್ತದೆ. ಕೈಯನ್ನು ನೇರ ಚಾಚಿ, ಬೆರಳು ಅಗಲಿಸಿ, ಹೆಬ್ಬೆರಳನ್ನು ಚಂದ್ರನ ಮೇಲೆ ಇಡಿ. ಕಿರುಬೆರಳಿನ ತುದಿ ಹೆಚ್ಚುಕಡಿಮೆ ಉಂಗುರವನ್ನು ಮುಟ್ಟುತ್ತದೆ. ಮುಂದಿನ ಸಲ ಕಂಡಾಗ ಖಂಡಿತ ಮಾಡಿ ನೋಡಿ.

ಬಿಸಿ ಹವೆ ತಣ್ಣನೆಯ ಹವೆಯ ಮೇಲೆ ಇಳಿಜಾರು ಹತ್ತಿದ ಹಾಗೆ ಏರಿಬರುವಾಗ ಮೊದಲು ಕಾಣುವುದು ಈ ಎತ್ತರದ ತೆಳು ಮೋಡ. ಹಿಂದೆಯೇ ದಪ್ಪ ಮೋಡ, ಅದರ ಹಿಂದೆ ಮಳೆ. ನಡುವೆ ಅರ್ಧ ದಿನವೋ ಒಂದು ದಿನವೋ ಸಿಗುತ್ತದೆ. ಒಣಗಲು ಹಾಕಿದ ಹುಲ್ಲನ್ನು ಒಳಗೆ ತರಲು ಅಷ್ಟು ಸಾಕು. ಆದರೆ ಇದೂ ಎಲ್ಲ ಕಡೆ ನಡೆಯುವುದಿಲ್ಲ. ಉಷ್ಣವಲಯದಲ್ಲಿ ಮಧ್ಯಾಹ್ನದ ಗುಡುಗುಮಳೆ ಒಂದೆರಡು ಗಂಟೆಯಲ್ಲಿ ಎದ್ದು, ಸುರಿದು, ಮುಗಿದುಹೋಗುತ್ತದೆ. ಹಿಂದಿನ ರಾತ್ರಿಯ ಚಂದ್ರನಿಗೆ ಅದರ ಸುಳಿವೇ ಇರುವುದಿಲ್ಲ.

ಪ್ರಾಣಿಗಳ ವಿಷಯ ಬಂದರೆ ಜನ ಜಾಸ್ತಿ ಉತ್ಸಾಹ ತೋರಿಸುತ್ತಾರೆ. ನನಗೆ ಇಲ್ಲಿ ಸ್ವಲ್ಪ ಹಿಂಜರಿಕೆ ಇದೆ. ಪ್ರಾಣಿಗಳಿಗೆ ಮುಂದಾಗುವುದು ಗೊತ್ತಾಗುತ್ತದೆ ಎಂದು ನಾನು ನಂಬುವುದಿಲ್ಲ. ಈಗ ಆಗುತ್ತಿರುವುದು ಅವಕ್ಕೆ ನಮಗಿಂತ ಬೇಗ ತಟ್ಟುತ್ತದೆ. ಹುಳುಗಳು ನೆಲದ ಹತ್ತಿರ ಹಾರಿದರೆ ಅವನ್ನು ತಿನ್ನುವ ಹಕ್ಕಿಯೂ ಕೆಳಗೇ ಹಾರುತ್ತದೆ. ಮರ ತುಂಬಾ ಕಾಯಿ ಬಿಟ್ಟರೆ ಮುಂದಿನ ಚಳಿಗಾಲ ಕಠಿಣ ಎಂದು ಯುರೋಪಿನಲ್ಲಿ ಹೇಳುತ್ತಿದ್ದರು. ಆದರೆ ಮರದ ಕಾಯಿ ಕಳೆದುಹೋದ ವಸಂತ ಹೇಗಿತ್ತು ಅನ್ನುವುದನ್ನು ಹೇಳುತ್ತದೆ. ಬರುವ ಚಳಿಗಾಲದ ಸುದ್ದಿ ಅದಕ್ಕೆ ಎಲ್ಲಿಂದ ಬರಬೇಕು?

ತೇವ ಹಿಡಿಯುವ ವಸ್ತುಗಳ ಮಾತು ಬೇರೆ. ಅವು ನಿಜಕ್ಕೂ ಕೆಲಸ ಮಾಡುತ್ತವೆ. ಗಾಳಿಯಲ್ಲಿ ತೇವ ಏರಿದರೆ ಪೈನ್ ಮರದ ಕಾಯಿಯ ಎಸಳಿನಂಥ ಪದರಗಳು ಮುಚ್ಚಿಕೊಳ್ಳುತ್ತವೆ, ಒಣಗಿದರೆ ತೆರೆಯುತ್ತವೆ. ಉಪ್ಪು ನೀರೊಡೆಯುತ್ತದೆ. ಹಗ್ಗ ಬಿಗಿಯಾಗುತ್ತದೆ. ತಲೆಗೂದಲು ಉದ್ದವಾಗುತ್ತದೆ, ಪೂರ್ತಿ ಒಣಗಿದ್ದಕ್ಕಿಂತ ಸುಮಾರು ನೂರಕ್ಕೆ ಎರಡರಷ್ಟು. ಜಿನೀವಾದ ವಿಜ್ಞಾನಿ ಸೊಸ್ಯೂರ್ ಇದೇ ಕೂದಲನ್ನು ಒಂದು ಮುಳ್ಳಿಗೆ ಕಟ್ಟಿ ತೇವಾಂಶ ಅಳೆಯುವ ಉಪಕರಣ ಮಾಡಿದ. 1783ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. ನಾವು 'ಉಪಕರಣ ಬರುವ ಮೊದಲು', 'ಬಂದ ಮೇಲೆ' ಎಂದು ಗೆರೆ ಎಳೆಯುತ್ತೇವಲ್ಲ, ಆ ಗೆರೆ ಇಲ್ಲಿ ಎಲ್ಲಿದೆ ಹೇಳಿ. ಮೊದಲೂ ಕೂದಲೇ, ಆಮೇಲೂ ಕೂದಲೇ. ಪಕ್ಕದಲ್ಲಿ ಅಂಕಿ ಬಂತು.

ಇನ್ನು ಗ್ರಹಗಳನ್ನು ನೋಡಿ ಹವೆ ಹೇಳುವ ದಾರಿ. ಇದು ತುಂಬಾ ಕಾಲ ಗೌರವ ಪಡೆದ ವಿದ್ಯೆ, ಸೋತದ್ದೂ ಬಹಿರಂಗವಾಗಿಯೇ. 1186ರ ಸೆಪ್ಟೆಂಬರಿನಲ್ಲಿ ಗ್ರಹಗಳೆಲ್ಲ ತುಲಾ ರಾಶಿಯಲ್ಲಿ ಸೇರುತ್ತವೆ, ಭೀಕರ ಬಿರುಗಾಳಿ ಏಳುತ್ತದೆ ಎಂಬ ಪತ್ರ ಯುರೋಪಿನಲ್ಲೆಲ್ಲ ಓಡಾಡಿತು. ಆ ತಿಂಗಳು ಬಂತು, ಹೋಯಿತು. 1524ರ ಫೆಬ್ರವರಿಯಲ್ಲಿ ಮೀನ ರಾಶಿಯ ಗ್ರಹಕೂಟದಿಂದ ಪ್ರಳಯದಂಥ ನೆರೆ ಬರುತ್ತದೆ ಎಂದು ನೂರಕ್ಕೂ ಹೆಚ್ಚು ಕಿರುಹೊತ್ತಿಗೆಗಳು ಅಚ್ಚಾದವು. ಪ್ರಳಯ ಆಗಲಿಲ್ಲ. ಈ ಜನ ದಡ್ಡರಲ್ಲ, ಗ್ರಹಗಳ ಲೆಕ್ಕ ಸರಿಯಾಗಿಯೇ ಹಾಕಿದ್ದರು. ಆ ಗ್ರಹಗಳು ನಿಜಕ್ಕೂ ಅಲ್ಲಿ ಸೇರಿದ್ದವು. ಆದರೆ ಹವೆಗೂ ಅದಕ್ಕೂ ಸಂಬಂಧ ಇದೆಯೇ ಎಂದು ಕಣ್ಣು ಬಿಟ್ಟು ನೋಡುವ ಕೆಲಸ ಮಾತ್ರ ಆಗಿರಲಿಲ್ಲ.

ಇದೇ ಸಾಲಿಗೆ ತಿಥಿ-ತಾರೀಖಿನ ಗಾದೆಗಳೂ ಸೇರುತ್ತವೆ. ಇಂಗ್ಲೆಂಡಿನಲ್ಲಿ ಜುಲೈ 15ರ ಸಂತ ಸ್ವಿದನ್ ದಿನ ಮಳೆ ಬಂದರೆ 40 ದಿನ ಬಿಡದೆ ಬರುತ್ತದೆ ಎನ್ನುತ್ತಾರೆ. ದಾಖಲೆ ಇಟ್ಟು ನೋಡಿದಾಗ ಆ ಮಾತು ನಿಜವಾಗಲಿಲ್ಲ.

ಕಣ್ಣಿಟ್ಟು ನೋಡುವ ದಾರಿ, ಲೆಕ್ಕ ಹಾಕುವ ದಾರಿ, ವರಾಹಮಿಹಿರನನ್ನು ಈ ಎರಡರ ನಡುವೆ ನಿಲ್ಲಿಸಬೇಕು ಅನಿಸುತ್ತದೆ. 6ನೇ ಶತಮಾನದ ಬೃಹತ್ಸಂಹಿತೆಯಲ್ಲಿ ಮಳೆಗೇ ಹಲವು ಅಧ್ಯಾಯಗಳಿವೆ. ಮೋಡ ಗರ್ಭ ಕಟ್ಟುತ್ತದೆ, 195 ದಿನಗಳಾದ ಮೇಲೆ ಮಳೆಯಾಗಿ ಹುಟ್ಟುತ್ತದೆ ಎನ್ನುತ್ತಾನೆ. ಇಷ್ಟು ನಿಖರವಾದ ದಿನದ ಲೆಕ್ಕಕ್ಕೆ ಇವತ್ತಿನ ವಿಜ್ಞಾನದಲ್ಲಿ ಆಧಾರ ಇಲ್ಲ. ಆದರೆ ಅದೇ ಪುಸ್ತಕದಲ್ಲಿ ಕೂಡಲೇ ಬರುವ ಮಳೆಗೆಂದು ಬೇರೊಂದು ಅಧ್ಯಾಯ ಇದೆ. ಇರುವೆಗಳು ಮೊಟ್ಟೆ ಹೊತ್ತು ಸಾಗುವುದು, ಹಾವು ಮರ ಹತ್ತುವುದು, ಹಸುಗಳು ನೆಗೆದಾಡುವುದು, ಎಲ್ಲ ಅಲ್ಲಿವೆ. ಮನೆಯ ಹೊರಗೆ ಕೂತು ನೋಡಿದವರ ಮಾತು ಅದು. ಹಗಲೂ ರಾತ್ರಿ ಮನಸ್ಸಿಟ್ಟು ಗರ್ಭದ ಲಕ್ಷಣ ನೋಡುವವನ ಮಳೆಯ ಮಾತು ಸುಳ್ಳಾಗದು ಎಂದೂ ಬರೆಯುತ್ತಾನೆ. ಲೆಕ್ಕ ಏನೇ ಇರಲಿ, 'ಹಗಲೂ ರಾತ್ರಿ' ಅನ್ನುವ ಆ ಮಾತಿಗೆ ನಾನು ಕೈಮುಗಿಯುತ್ತೇನೆ.

ಈಗ ನನ್ನ ಲೆಕ್ಕಾಚಾರವನ್ನೇ ಅಲುಗಾಡಿಸಿದ ಒಂದು ಉದಾಹರಣೆ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ, ಪೆರು ಮತ್ತು ಬೊಲಿವಿಯಾದಲ್ಲಿ, ಆಲೂಗಡ್ಡೆ ಬೆಳೆಯುವ ರೈತರು ಜೂನ್ 24ರ ಆಸುಪಾಸು ಬೆಳಗಾಗುವ ಮೊದಲೇ ಎದ್ದು ಬೆಟ್ಟ ಹತ್ತುತ್ತಾರೆ. ಕೃತ್ತಿಕೆಯ ನಕ್ಷತ್ರಗುಂಪು ಈಶಾನ್ಯದಲ್ಲಿ ಮೂಡುವುದನ್ನು ಕಾಯುತ್ತಾರೆ. ಅದು ದೊಡ್ಡದಾಗಿ, ಫಳಫಳ ಎಂದು ಕಂಡರೆ ಮಳೆ ಬೇಗ ಬರುತ್ತದೆ, ಬೆಳೆ ಚೆನ್ನಾಗಿ ಆಗುತ್ತದೆ. ಮಂಕಾಗಿ ಕಂಡರೆ ಮಳೆ ತಡ, ಕಡಿಮೆ. ಆಗ ಬಿತ್ತನೆಯನ್ನು ಕೆಲವು ವಾರ ಮುಂದಕ್ಕೆ ಹಾಕುತ್ತಾರೆ. ನೋಡುವುದು ಜೂನ್‌ನಲ್ಲಿ, ಮಳೆ ಶುರುವಾಗುವುದು ಅಕ್ಟೋಬರ್ ಹೊತ್ತಿಗೆ. ನಡುವೆ ಮೂರು ತಿಂಗಳಿಗೂ ಹೆಚ್ಚು ಅಂತರ!

ಮೊದಲ ಸಲ ಓದಿದಾಗ ಇದನ್ನು ನಾನು ಗ್ರಹಕೂಟದ ಸಾಲಿಗೆ ಸೇರಿಸಿದ್ದೆ. ನಕ್ಷತ್ರಕ್ಕೂ ಮಳೆಗೂ ಏನು ಸಂಬಂಧ? ನೋಡುವ ದಿನವೂ ಹಬ್ಬದ ದಿನ ಬೇರೆ. ನನ್ನ ಅನಿಸಿಕೆ ತಪ್ಪಾಗಿತ್ತು.

2000ದ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಇದರ ಬಗ್ಗೆ ಒಂದು ಸಂಶೋಧನೆ ಬಂತು. ಬರೆದವರು ಮಾನವಶಾಸ್ತ್ರಜ್ಞ ಬೆಂಜಮಿನ್ ಓರ್ಲೊವ್, ಹವಾಮಾನ ವಿಜ್ಞಾನಿಗಳಾದ ಜಾನ್ ಚಿಯಾಂಗ್ ಮತ್ತು ಮಾರ್ಕ್ ಕೇನ್. ಈ ಕೇನ್ ಯಾರು ಗೊತ್ತಾ? 1986ರಲ್ಲಿ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ಮೇಲ್ಮೈ ನೀರು ಎಂದಿಗಿಂತ ಬಿಸಿಯಾಗುವ ಸ್ಥಿತಿ, ಬರುತ್ತದೆ ಎಂದು ಕಂಪ್ಯೂಟರ್ ಮಾದರಿ ಇಟ್ಟುಕೊಂಡು ಮೊದಲೇ ಹೇಳಿದವರಲ್ಲಿ ಒಬ್ಬರು. ಅಂಥವರು ಉಪಗ್ರಹದ ಮಾಹಿತಿ ತೆಗೆದು ನೋಡಿದರೆ ಕಂಡದ್ದು ಹೀಗಿದೆ. ಎಲ್ ನಿನೊ ವರ್ಷಗಳಲ್ಲಿ ಜೂನ್ ತಿಂಗಳ ಹೊತ್ತಿಗೆ ಆ ಆಕಾಶದಲ್ಲಿ ತುಂಬಾ ಎತ್ತರದ ತೆಳು ಮೋಡ ಹೆಚ್ಚಾಗಿರುತ್ತದೆ. ಬರಿಗಣ್ಣಿಗೆ ಅದು ಮೋಡ ಎಂದು ಗೊತ್ತೇ ಆಗದಷ್ಟು ತೆಳು. ಆದರೆ ಕೃತ್ತಿಕೆಯ ಸಣ್ಣ ನಕ್ಷತ್ರಗಳನ್ನು ಮಂಕು ಮಾಡಲು ಅಷ್ಟು ಸಾಕು. ಅದೇ ಎಲ್ ನಿನೊದಿಂದ ಆ ಬೆಟ್ಟಗಳಲ್ಲಿ ಮುಂದಿನ ಮಳೆಗಾಲ ಸೊರಗುತ್ತದೆ. ರೈತರು ನಕ್ಷತ್ರವನ್ನು ನೋಡುತ್ತಿದ್ದೇವೆ ಅಂದುಕೊಂಡಿದ್ದರು. ನಿಜಕ್ಕೂ ನೋಡುತ್ತಿದ್ದದ್ದು ನಕ್ಷತ್ರಕ್ಕೂ ತಮಗೂ ನಡುವೆ ಇದ್ದ ಗಾಳಿಯನ್ನು. ಈ ಪದ್ಧತಿ 16ನೇ ಶತಮಾನದಲ್ಲೇ ದಾಖಲಾಗಿದೆ. ಎಲ್ ನಿನೊ ಅನ್ನುವ ಪದ ವಿಜ್ಞಾನಕ್ಕೆ ಬರುವ ಎಷ್ಟೋ ಮೊದಲು.

ಇಂಥ ಗುರುತು ಒಬ್ಬನ ಆಯುಸ್ಸಿನಲ್ಲಿ ಸಿಗುವುದಿಲ್ಲ. ಎಲ್ ನಿನೊ ಬರುವುದು ಎರಡರಿಂದ ಏಳು ವರ್ಷಕ್ಕೊಮ್ಮೆ. ಅಪ್ಪ ನೋಡಿದ್ದನ್ನು ಮಗಳಿಗೆ ಹೇಳಿ, ಅವಳು ತಾನು ನೋಡಿದ್ದನ್ನು ಅದಕ್ಕೆ ಕೂಡಿಸಿ, ಹೀಗೆ ಸಾಗಬೇಕು. ಬರವಣಿಗೆ ಇದ್ದ ಕಡೆ ಕೆಲಸ ಸ್ವಲ್ಪ ಸುಲಭ. ಬ್ಯಾಬಿಲೋನಿನ ಲಿಪಿಕಾರರು ಕ್ರಿ.ಪೂ. 7ನೇ ಶತಮಾನದಿಂದ ಕ್ರಿ.ಪೂ. 1ನೇ ಶತಮಾನದವರೆಗೆ ಚಂದ್ರ, ಗ್ರಹ, ಮಳೆ, ಗುಡುಗು, ನದಿಯ ನೀರಿನ ಮಟ್ಟ, ಕಾಳಿನ ಬೆಲೆ ಎಲ್ಲವನ್ನೂ ಮಣ್ಣಿನ ಹಲಗೆಯ ಮೇಲೆ ಬರೆದಿಟ್ಟರು. ಗ್ರೀಕರು ಕಲ್ಲಿನ ಹಲಗೆಗೆ ತೂತು ಕೊರೆದು, ದಿನಕ್ಕೊಂದರಂತೆ ಮೊಳೆ ಸರಿಸುತ್ತಾ, ಯಾವ ನಕ್ಷತ್ರ ಮೂಡುವಾಗ ಯಾವ ಹವೆ ಎಂದು ನೋಡಿಕೊಳ್ಳುತ್ತಿದ್ದರು. ಅಂಥ ಹಲಗೆಯ ತುಂಡುಗಳು ಹಳೆಯ ಗ್ರೀಕ್ ನಗರವಾದ ಮಿಲೆಟಸ್‌ನಲ್ಲಿ ಸಿಕ್ಕಿವೆ.

ನನಗೆ ಇವರೆಲ್ಲರಿಗಿಂತ ಹತ್ತಿರ ಅನಿಸುವವನು ವಿಲಿಯಂ ಮೆರ್ಲ್ ಎಂಬ ಇಂಗ್ಲಿಷ್ ಪಾದ್ರಿ. 1337ರ ಜನವರಿಯಿಂದ 1344ರ ಜನವರಿವರೆಗೆ, ಏಳು ವರ್ಷ, ಹವೆ ಹೇಗಿತ್ತು ಎಂದು ಬರೆದಿಟ್ಟ. ಕೈಯಲ್ಲಿ ಯಾವ ಉಪಕರಣವೂ ಇರಲಿಲ್ಲ. ಮಳೆಯ ಮುನ್ಸೂಚನೆಯ ಬಗ್ಗೆಯೂ ಬರೆದ. ಉಪ್ಪು ನೀರೊಡೆದರೆ ಗಾಳಿಯಲ್ಲಿ ತೇವ ಏರಿದೆ. ಚಿಗಟ ಕಚ್ಚಿದ್ದು ಎಂದಿಗಿಂತ ಹೆಚ್ಚು ಉರಿದರೂ ಹಾಗೇ. ದೂರದ ಗಂಟೆಯ ಸದ್ದು ಎಂದಿಗಿಂತ ಸ್ಪಷ್ಟವಾಗಿ ಕೇಳಿದರೂ ಹಾಗೇ. ಸ್ವಲ್ಪ ಯೋಚಿಸಿ. ಗಂಟೆಯ ಸದ್ದು ಇವತ್ತು ಜಾಸ್ತಿ ಕೇಳುತ್ತಿದೆ ಎಂದು ಗೊತ್ತಾಗಬೇಕಾದರೆ, ಬೇರೆ ದಿನ ಎಷ್ಟು ಕೇಳುತ್ತದೆ ಅನ್ನುವುದು ಕಿವಿಯಲ್ಲಿ ಕೂತಿರಬೇಕು. ಸುಮ್ನೆ ಒಂದು ದಿನ ಹೊರಗೆ ಬಂದು ನಿಂತವನಿಗೆ ಅದು ತಿಳಿಯುವುದಿಲ್ಲ.

ಕೊನೆಗೆ ಐನೂರು ವರ್ಷ ದಾಟಿ ಬರೋಣ. ರಾಬರ್ಟ್ ಫಿಟ್ಜ್‌ರಾಯ್. ಡಾರ್ವಿನ್‌ನನ್ನು ಕರೆದೊಯ್ದ ಬೀಗಲ್ ಹಡಗಿನ ಕ್ಯಾಪ್ಟನ್. 1854ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆಯನ್ನು ಶುರು ಮಾಡಿದವರು. 1859ರ ಅಕ್ಟೋಬರಿನಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ದಡದ ಹತ್ತಿರವೇ ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ಅವರಿಗೆ ಸುಮ್ಮನೆ ಕೂರಲಾಗಲಿಲ್ಲ. ಕರಾವಳಿಯ ಕೇಂದ್ರಗಳಿಂದ ಟೆಲಿಗ್ರಾಫ್‌ನಲ್ಲಿ ಸುದ್ದಿ ತರಿಸಿ 1861ರ ಫೆಬ್ರವರಿಯಲ್ಲಿ ಬಿರುಗಾಳಿಯ ಎಚ್ಚರಿಕೆ ಕೊಡಲು ಶುರು ಮಾಡಿದರು. ಅದೇ ವರ್ಷ ಆಗಸ್ಟ್ 1ರಂದು ಅವರ ಮುನ್ಸೂಚನೆ ಟೈಮ್ಸ್ ಪತ್ರಿಕೆಯಲ್ಲಿ ಅಚ್ಚಾಯಿತು. ಇವತ್ತು ಎಲ್ಲ ಕಡೆ ಬಳಸುವ 'ಫೋರ್‌ಕಾಸ್ಟ್' ಎಂಬ ಪದವನ್ನು ಹವೆಗೆ ಅಂಟಿಸಿದವರೂ ಅವರೇ.

ಫಿಟ್ಜ್‌ರಾಯ್ ಮೀನುಗಾರರ ಹಳ್ಳಿಗಳಿಗೆ ಬ್ಯಾರೋಮೀಟರ್ ಕೊಡಿಸಿದರು. ಅದನ್ನು ಓದುವುದು ಹೇಗೆ ಎಂದು ಒಂದು ಕೈಪಿಡಿ ಬರೆದರು. ಆ ಕೈಪಿಡಿಯಲ್ಲಿ ಪಾದರಸ ಏರಿದರೆ ಏನು, ಇಳಿದರೆ ಏನು ಎಂದು ಬರೆದು ಅಷ್ಟಕ್ಕೇ ನಿಲ್ಲಲಿಲ್ಲ. ಸಂಜೆಯ ಕೆಂಪು ಒಳ್ಳೆಯ ಹವೆಗೆ ಎಂದು ಸೇರಿಸಿದರು. ಕಡಲಹಕ್ಕಿಗಳು ಬೆಳಿಗ್ಗೆಯೇ ದೂರ ಸಮುದ್ರಕ್ಕೆ ಹಾರಿದರೆ ತಿಳಿ ಹವೆ, ದಡದ ಸುತ್ತಲೇ ಸುಳಿಯುತ್ತಿದ್ದರೆ ಬಿರುಗಾಳಿ ಎಂದರು. ದೂರದ ಬೆಟ್ಟ ಎಂದಿಗಿಂತ ಹತ್ತಿರ ಕಂಡರೆ ಎಚ್ಚರ ಎಂದರು. ಆ ಪಟ್ಟಿಯಲ್ಲೇ ಇನ್ನೊಂದು ಗುರುತೂ ಇದೆ. ಸದ್ದು ಚೆನ್ನಾಗಿ ಕೇಳಿಸುವ ದಿನ, ಅಂಥ ದಿನ ಬಂದರೆ ಮಳೆ ಬರಬಹುದು.

ಮೆರ್ಲ್ ಕೇಳಿಸಿಕೊಂಡಿದ್ದ ಗಂಟೆ, ಅದು.